ಊರು ತೋರಿಸುವ ಮಾವ

ಗಡಿಸೀಮೆಯ ಜನಜೀವನವನ್ನು ಕುರಿತು ಬರೆಯುವ ವಿದ್ವಾಂಸರು ಭಾಷಾ ಅಲ್ಪಸಂಖ್ಯಾತರಿಗೆ ಒಂದು ಅಧ್ಯಾಯವನ್ನೂ ಕಾಡಿನಲ್ಲಿ ಬಾಳುವ ಸೋಲಿಗರು, ಊರಾಳಿಗಳಿಗೆ ಇನ್ನೊಂದನ್ನೂ ಮೀಸಲಿಡುತ್ತಾರೆ. ಆದರೆ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ತಾಳವಾಡಿ ಬೆಟ್ಟಸೀಮೆಯ ಪ್ರತಿಯೊಂದು ಬಂಧುಬಳಗದಲ್ಲೂ ಒಬ್ಬನಾದರೂ ಸಿಗುವ, ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ನೆಂಟರು ಕಾಫಿ ಲೋಟ ಕೆಳಗಿಡುವ ಮೊದಲೇ ಅವರನ್ನು ಊರು ನೋಡಲು ಎಬ್ಬಿಸಿಕೊಂಡು ಹೊರಡುವ ಮಾದರಿ ಪುರುಷನಿಗೆ ಈವರೆಗೆ ಒಂದು ಅಡಿಟಿಪ್ಪಣಿಯೂ ದಕ್ಕಿದಂತಿಲ್ಲ. ಅವನನ್ನು ಇಲ್ಲಿ ಅನುಕೂಲಕ್ಕಾಗಿ ಮಾವ ಎಂದು ಕರೆಯಲಾಗಿದೆ. ಕೆಲವು ಮನೆಗಳಲ್ಲಿ ಅವನು ಚಿಕ್ಕಪ್ಪ, ಇನ್ನು ಕೆಲವು ಕಡೆ ಭಾವ, ಆದರೆ ಲಕ್ಷಣಗಳಲ್ಲಿ ವ್ಯತ್ಯಾಸವಿಲ್ಲ. ಕಾರು ನೆಂಟರದು, ಪೆಟ್ರೋಲು ನೆಂಟರದು, ಮುಂದಿನ ಸೀಟು ಮಾತ್ರ ಮಾವನದು.

ಮಾವನ ಅಧಿಕಾರದ ಮೂಲವನ್ನು ಅರಿಯಲು ಸ್ವಲ್ಪ ಚರಿತ್ರೆ ಬೇಕಾಗುತ್ತದೆ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ ಅಲ್ಲಿಯವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು, ಅಷ್ಟೇ ಸಲೀಸಾಗಿ ಕನ್ನಡವಾಡುತ್ತಿದ್ದ ತಾಳವಾಡಿ ಸೀಮೆಯು ಮದ್ರಾಸಿನಲ್ಲೇ ಉಳಿಯಿತು, 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದಾಗ ಈಗಿನ ಈರೋಡಿನ ಪಾಲಾಯಿತು. ಹೀಗಾಗಿ ಇಲ್ಲಿಯವರ ಮನೆಮಾತು ಕನ್ನಡ, ಜಮೀನಿನ ಒಡೆತನವನ್ನು ಹೇಳುವ ಪಟ್ಟಾ ಎಂಬ ಕಾಗದ ತಮಿಳು. ಹೆಣ್ಣು ಕೊಟ್ಟು ತರುವುದು ಸುಮಾರು 25 ಕಿಲೋಮೀಟರ್ ದೂರದ ಚಾಮರಾಜನಗರದ ಕಡೆಗೆ, ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕಾದರೆ ಘಟ್ಟವಿಳಿದು ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕಾದದ್ದು ಈರೋಡಿಗೆ. ಇಂಥ ಸ್ಥಿತಿಯನ್ನು ಹೊರಗಿನವರು ಇಕ್ಕಟ್ಟು ಎಂದು ಬಣ್ಣಿಸುವುದುಂಟು, ಮತ್ತು ಅದು ಸುಳ್ಳೇನಲ್ಲ. ಮಾವನು ಮಾತ್ರ ಅದನ್ನು ಆಸ್ತಿಯೆಂದು ಬಗೆದಿದ್ದಾನೆ. ಎರಡು ಸರ್ಕಾರಗಳನ್ನು ಒಂದೇ ಉಸಿರಿನಲ್ಲಿ ಬೈಯುವ ಹಕ್ಕು, ಇವತ್ತು ಪೆಟ್ರೋಲು ಯಾವ ಕಡೆ ಅಗ್ಗವೆಂಬ ಜ್ಞಾನ, ಎರಡೂ ಕಡೆಯ ಚುನಾವಣೆಗಳ ಫಲಿತಾಂಶವನ್ನು ಮುಂಚಿತವಾಗಿ ಹೇಳಿ ಎರಡರಲ್ಲೂ ತಪ್ಪುವ ಅವಕಾಶ, ಇವೆಲ್ಲ ಗಡಿಯಿಂದ ದೂರವಿರುವ ಮಾವಂದಿರಿಗೆ ಎಲ್ಲಿಂದ ಬರಬೇಕು?

ಪ್ರವಾಸವು ಸಾಮಾನ್ಯವಾಗಿ ನೀರಿನಿಂದ ಆರಂಭವಾಗುತ್ತದೆ. ತಾಳವಾಡಿ ಬಯಲಿನ ಮಳೆನೀರು ತೆಂಕಣ ತಮಿಳುನಾಡಿಗೆ ಹೋಗದೆ ಬಡಗಣಕ್ಕೆ ಹರಿದು, ಚಾಮರಾಜನಗರ ಜಿಲ್ಲೆಯ ಚಿಕ್ಕಹೊಳೆ, ಸುವರ್ಣಾವತಿಗಳ ಮೂಲಕ ಕೊಳ್ಳೇಗಾಲದ ಬಳಿ ಕಾವೇರಿಯನ್ನು ಸೇರಿ, ಹೊಗೇನಕಲ್ಲಿನ ದಾರಿಯಾಗಿ ಮೆಟ್ಟೂರು ಜಲಾಶಯಕ್ಕೆ ಬರುತ್ತದೆ; ಎಂದರೆ ತಮಿಳುನಾಡಿನಲ್ಲಿ ಬಿದ್ದ ಮಳೆ ಕರ್ನಾಟಕವನ್ನು ಸುತ್ತಿಕೊಂಡು ಮತ್ತೆ ತಮಿಳುನಾಡಿಗೇ ಮರಳುತ್ತದೆ. ಈ ಭೌಗೋಳಿಕ ಸತ್ಯವನ್ನು ಮಾವನು ಯಾವುದಾದರೊಂದು ಮೋರಿಯ ಮೇಲೆ ಕಾರು ನಿಲ್ಲಿಸಿ, ಬೇಸಿಗೆಯಾದರೆ ಒಣಗಿದ ಹಳ್ಳವನ್ನೇ ತೋರಿಸುತ್ತಾ, ವಿವರಿಸುತ್ತಾನೆ. ಕಾವೇರಿ ನೀರಿನ ಹಂಚಿಕೆಗಾಗಿ 1990ರಲ್ಲಿ ನ್ಯಾಯಮಂಡಳಿ ಕೂತು, 2007ರಲ್ಲಿ ಅಂತಿಮ ತೀರ್ಪು ಬಂದು, 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕವು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ನೀರು ಬಿಡಬೇಕೆಂದು ಹೇಳಿದ ಇಡೀ ವ್ಯಾಜ್ಯದಲ್ಲಿ ತಾಳವಾಡಿಯವರನ್ನು ಒಂದು ಮಾತೂ ಕೇಳಲಿಲ್ಲವೆಂಬುದು ಅವನ ಮುಖ್ಯ ಆಕ್ಷೇಪ. "ನಾವೇ ಕಳಿಸ್ತೀವಿ, ನಾವೇ ಈಸ್ಕತೀವಿ, ಮಧ್ಯದಲ್ಲಿ ವಕೀಲ್ರಿಗ ಯಾಕ ದುಡ್ಡು?" ಎಂಬ ಅವನ ಪ್ರಶ್ನೆಗೆ ಕಾನೂನು ಓದಿದ ನೆಂಟರೂ ತಕ್ಷಣ ಉತ್ತರ ಕೊಟ್ಟ ಉದಾಹರಣೆ ಇಲ್ಲ.

ನೀರಿನ ನಂತರ ಕಾಡು. 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವು 1,400 ಚದರ ಕಿಲೋಮೀಟರುಗಳಿಗೂ ಹೆಚ್ಚು ವಿಸ್ತಾರವಾಗಿದ್ದು, ಹುಲಿಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದ್ದಕ್ಕಾಗಿ 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆದಿದೆ. ಆ ಹುಲಿಗಳಲ್ಲಿ ಒಂದನ್ನೂ ಮಾವನು ನೆಂಟರಿಗೆ ತೋರಿಸಿಲ್ಲ. ಅವನ ಪರಿಣತಿಯಿರುವುದು ಆನೆಯಲ್ಲಿ, ಅದರಲ್ಲಿಯೂ ನಿನ್ನೆಯ ಆನೆಯಲ್ಲಿ. ಹಾಸನೂರಿನ ಸಮೀಪದ ಕಾರಪಳ್ಳಂ ಚೆಕ್‌ಪೋಸ್ಟಿನ ಆಸುಪಾಸಿನಲ್ಲಿ ಕಬ್ಬಿನ ಲಾರಿಗಳಿಂದ ಬೀಳುವ ಜಲ್ಲೆಗಳ ರುಚಿ ಹತ್ತಿದ ಆನೆಗಳು ರಸ್ತೆಗೆ ಬಂದು ಲಾರಿಗಳನ್ನು ಅಡ್ಡಗಟ್ಟುವುದು ನಿಜ. ಆದರೆ ಮಾವನ ಜೊತೆ ಹೋದವರಿಗೆ ದೊರೆಯುವುದು ಬಹುಪಾಲು ಲದ್ದಿಯೊಂದೇ. "ನೆನ್ನ ಸಾಯಂಕಾಲ ಇಲ್ಲೇ ನಿಂತಿತ್ತು ಕನಪ್ಪ ಆನ" ಎಂದು ಅವನು ಬೆರಳು ಮಾಡಿ ತೋರಿಸುವ ಜಾಗವನ್ನು ನಗರದ ಮಕ್ಕಳು ಎಷ್ಟು ಭಕ್ತಿಯಿಂದ ನೋಡುತ್ತಾರೆಂದರೆ, ಇಲ್ಲದ ಆನೆಯ ಫೋಟೋ ತೆಗೆದುಕೊಂಡು ಹೋದವರೂ ಇದ್ದಾರೆ. ಎಂದಾದರೊಮ್ಮೆ ಒಂಟಿ ಸಲಗವು ನಿಜವಾಗಿಯೇ ಬಿದಿರ ಮೆಳೆಯಿಂದ ಈಚೆ ಬಂದು ಕಿವಿ ಬೀಸಿತೆಂದರೆ, ಕಾರಿನೊಳಗಿನ ಎಲ್ಲರಿಗಿಂತ ಮೊದಲು ಗಾಜು ಏರಿಸಿಕೊಂಡು, ಇಡೀ ಪ್ರವಾಸದಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿ ಕೂರುವವನು ಮಾವನೇ.

ಮಾವನ ವಿದ್ವತ್ತು ಪೂರ್ಣವಾಗಿ ಅರಳುವುದು ಪೇಟೆಯಲ್ಲಿ. ಕೋಸು, ಟೊಮೆಟೊ, ಬೀಟ್ರೂಟ್, ಬೆಳ್ಳುಳ್ಳಿ, ಬಾಳೆಗಳನ್ನು ಬೆಳೆಯುವ ಈ ಬಯಲಿನ ಫಸಲು ಒಂದು ಕಡೆ ಘಟ್ಟವಿಳಿದು ಮೇಟುಪಾಳ್ಯಂ ಮಂಡಿಗೂ ಇನ್ನೊಂದು ಕಡೆ ಚಾಮರಾಜನಗರಕ್ಕೂ ಹೋಗುವುದರಿಂದ, ಬೆಳಗಿನ ಹೊತ್ತು ತಾಳವಾಡಿಯ ರೈತನು ಎರಡು ಊರುಗಳ ದರವನ್ನು ಫೋನಿನಲ್ಲಿ ಕೇಳಿ ತೂಗಿ ನೋಡುವುದು ಸಾಮಾನ್ಯ ದೃಶ್ಯ. ಮಾವನು ನೆಂಟರನ್ನು ಅಂಗಡಿಗಳ ಸಾಲಿನಲ್ಲಿ ನಡೆಸುತ್ತಾ ಪ್ರತಿಯೊಂದು ತರಕಾರಿಯನ್ನೂ ಎತ್ತಿ ತೋರಿಸಿ, ಅದು ಬೆಂಗಳೂರಿನಲ್ಲಿ ಯಾವ ಬೆಲೆಗೆ ಮಾರಾಟವಾಗುತ್ತದೆಂದು ಬೆಂಗಳೂರಿನವರಿಗೇ ತಿಳಿಸುತ್ತಾನೆ. ಬಳಿಕ, ಅಳಿಯನ ಹೆಂಡತಿಗೆ ತನ್ನ ದ್ವಿಭಾಷಾ ಪ್ರೌಢಿಮೆ ಗೊತ್ತಾಗಲೆಂದು, ಬೆಳ್ಳುಳ್ಳಿ ಅಂಗಡಿಯವನ ಮುಂದೆ ನಿಂತು ಗತ್ತಿನಿಂದ "ಎವ್ವಳವುಪ್ಪಾ?" ಎಂದು ತಮಿಳಿನಲ್ಲಿ ಬೆಲೆ ಕೇಳುತ್ತಾನೆ. ಅಂಗಡಿಯವನು ಮಾವನ ಸ್ವಂತ ದಾಯಾದಿ. ಹುಟ್ಟಿದಾರಭ್ಯ ಇಬ್ಬರೂ ಕನ್ನಡದಲ್ಲಲ್ಲದೆ ಜಗಳವನ್ನೂ ಆಡಿದವರಲ್ಲ. ಅವನು ತಕ್ಕಡಿಯನ್ನು ಕೆಳಗಿಟ್ಟು, ಗಾಬರಿಯಿಂದ ಮುಖ ನೋಡಿ, "ಯಾಕಣ್ಣೋ, ಮೈಗ ಸರಿ ಇಲ್ವ?" ಎನ್ನುತ್ತಾನೆ. ಮಾವನಿಗೆ ಇದರಿಂದ ಕಿಂಚಿತ್ತೂ ಮುಖಭಂಗವಾಗುವುದಿಲ್ಲ. ಗಡಿಯಲ್ಲಿ ಬಾಳಬೇಕಾದರೆ ಎಷ್ಟು ಭಾಷೆಗಳು ಬೇಕಾಗುತ್ತವೆ ಎಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ಬಳಸಿಕೊಂಡು, ಎರಡು ಕಿಲೋ ಬೆಳ್ಳುಳ್ಳಿಯನ್ನು ಅಳಿಯನ ಲೆಕ್ಕಕ್ಕೆ ಬರೆಸುತ್ತಾನೆ.

ಅದೇ ಪೇಟೆಯ ಮಾರಿಯಮ್ಮನ ಗುಡಿಯೂ ಮಸೀದಿಯೂ ಮಗ್ಗುಲು ಮಗ್ಗುಲಲ್ಲಿ ನಿಂತಿರುವುದನ್ನು, ಹಬ್ಬದಲ್ಲಿ ಕೊಂಡ ಹಾಯುವುದನ್ನು, ಅಂದರೆ ಕೆಂಡದ ಹಾಸಿನ ಮೇಲೆ ನಡೆಯುವುದನ್ನು, ಮಾವನು ಅವಸರದಲ್ಲಿ ಹೇಳಿ ಮುಗಿಸುತ್ತಾನೆ. ಸಮೀಪದ ಗುಮಟಾಪುರದಲ್ಲಿ ಬಲಿಪಾಡ್ಯಮಿಯ ಮರುದಿನ ಗಂಡಸರು ರಾಶಿ ಹಾಕಿದ ಸಗಣಿಯನ್ನು ಉಂಡೆ ಕಟ್ಟಿ ಪರಸ್ಪರ ಎರಚಾಡುವ ಗೋರೆ ಹಬ್ಬದ ವಿಷಯದಲ್ಲಿ ಅವನ ಧೋರಣೆ ಬೇರೆ: ನೆಂಟರು ಯಾವ ತಿಂಗಳಲ್ಲಿ ಬಂದರೂ ಅದು ಹಬ್ಬದ ತಿಂಗಳಲ್ಲವೆಂದು ನೊಂದುಕೊಳ್ಳುತ್ತಾನೆ, ಹಬ್ಬದ ದಿನವೇ ಬಂದುಬಿಟ್ಟರೆ ಬಿಳಿ ಪಂಚೆ ಕಾಪಾಡಿಕೊಳ್ಳಲು ಎತ್ತರದ ಮಾಳಿಗೆಯಿಂದ ವೀಕ್ಷಕ ವಿವರಣೆ ಕೊಡುತ್ತಾನೆ.

ದೊಡ್ಡಗಾಜನೂರಿಗೆ ಹೋಗದೆ ಈ ಪ್ರವಾಸ ಪೂರ್ತಿಯಾಗದು. 1929ರ ಏಪ್ರಿಲ್ 24ರಂದು ಚಿತ್ರನಟ ರಾಜ್‌ಕುಮಾರ್ ಜನಿಸಿದ ಊರು ಇದು. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಅವರನ್ನು ಅಪಹರಿಸಿದ್ದೂ ಇಲ್ಲಿಂದಲೇ, ಅವರು ಬಿಡುಗಡೆಯಾದದ್ದು 108 ದಿನಗಳ ಮೇಲೆ. ಆ ದಿನ ಸಂಜೆಯವರೆಗೂ ತಾನು ಅಣ್ಣಾವ್ರ ಜೊತೆಯಲ್ಲೇ ಮಾತಾಡುತ್ತಾ ಕೂತಿದ್ದು, ಹಸುವಿಗೆ ಹುಲ್ಲು ಹಾಕುವ ಸಲುವಾಗಿ ಮನೆಗೆ ಬಂದದ್ದರಿಂದ ಮಾತ್ರ ಕಾಡಿಗೆ ಹೋಗುವುದು ತಪ್ಪಿತೆಂದು ಪ್ರತಿಯೊಬ್ಬ ಮಾವನೂ ಹೇಳುತ್ತಾನೆ. ಸೀಮೆಯ ಎಲ್ಲ ಮಾವಂದಿರ ಹೇಳಿಕೆಗಳನ್ನು ಕೂಡಿಸಿದರೆ ಆ ಸಂಜೆ ಜಗಲಿಯಲ್ಲಿ ಕೂತವರ ಸಂಖ್ಯೆ ಒಂದು ಚಿತ್ರಮಂದಿರವನ್ನು ತುಂಬುವಷ್ಟಾಗುತ್ತದೆ. ಅಷ್ಟು ಜನರಿದ್ದಿದ್ದರೆ ವೀರಪ್ಪನ್‌ಗೆ ಒಳಗೆ ಕಾಲಿಡಲು ಜಾಗವೇ ಇರುತ್ತಿರಲಿಲ್ಲವೆಂದು ಯೋಚಿಸುವ ಅಳಿಯಂದಿರು ಗೌರವದಿಂದ ಸುಮ್ಮನಿರುತ್ತಾರೆ.

ಎರಡನೆಯ ದಿನದ ಯಾತ್ರೆ ಬೌದ್ಧ ದೇವಾಲಯಕ್ಕೆ. ಹಾಸನೂರಿನಿಂದ ಗೇರ್‌ಮಾಳದ ಕಾಡುದಾರಿ ಹಿಡಿದು ಗಡಿ ದಾಟಿದರೆ ಕೊಳ್ಳೇಗಾಲದ ಹಾದಿಯಲ್ಲಿ ಸಿಗುವ ಒಡೆಯರಪಾಳ್ಯದಲ್ಲಿ 1970ರ ದಶಕದಿಂದಲೂ ಧೋಂಡೆನ್‌ಲಿಂಗ್ ಎಂಬ ಟಿಬೆಟನ್ ನೆಲೆಯಿದೆ. ಮುಸುಕಿನ ಜೋಳದ ಹೊಲಗಳ ನಡುವೆ ಟಿಬೆಟನ್ ಬೌದ್ಧರ ಅತಿ ಪ್ರಾಚೀನ ಪಂಥವಾದ ನ್ಯಿಂಗ್ಮಾಕ್ಕೆ ಸೇರಿದ ಜೋಗ್‌ಚೆನ್ ಮಠವೂ ಇದೆ. ಬೇರೆ ರಾಜ್ಯದ, ಬೇರೆ ಧರ್ಮದ, ಬೇರೆ ದೇಶದಿಂದ ಬಂದವರ ಈ ಸ್ಥಳವನ್ನು ಮಾವನು "ನಮ್ಮ ಬುದ್ಧನ ಗುಡಿ" ಎಂದೇ ಕರೆಯುತ್ತಾನೆ. ಐದು ಬಣ್ಣದ ಪ್ರಾರ್ಥನಾ ಪತಾಕೆಗಳನ್ನು ಕಂಡು ಜಾತ್ರೆಯಿದೆಯೆಂದು ಘೋಷಿಸುತ್ತಾನೆ. ಅವು ಆಕಾಶ, ವಾಯು, ಅಗ್ನಿ, ಜಲ, ಭೂಮಿಗಳ ಗುರುತೆಂದೂ, ಗಾಳಿ ಬೀಸಿದಷ್ಟೂ ಬಟ್ಟೆಯ ಮೇಲಿನ ಪ್ರಾರ್ಥನೆಗಳು ಹರಡುತ್ತವೆಂಬ ನಂಬಿಕೆಯೆಂದೂ ಫಲಕ ಓದಿದ ಮಗುವೊಂದು ಹೇಳಿದರೆ, ತಾನು ಹೇಳಿದ್ದೂ ಅದನ್ನೇ ಎನ್ನುತ್ತಾನೆ. ಮಂತ್ರಗಳ ಸುರುಳಿಯನ್ನು ಒಳಗಿಟ್ಟುಕೊಂಡ ಪ್ರಾರ್ಥನಾ ಚಕ್ರಗಳನ್ನು, ಪ್ರದಕ್ಷಿಣೆಯ ದಿಕ್ಕಿನಲ್ಲಿ ತಿರುಗಿಸಬೇಕೆಂಬುದನ್ನು ಅರಿಯದೆ, ಸಾಲಿನ ಕೊನೆಯಿಂದ ಆರಂಭಿಸಿ ಉಲ್ಟಾ ತಿರುಗಿಸುತ್ತಾ ಹೋಗುತ್ತಾನೆ.

ಒಳಗೆ ಪದ್ಮಸಂಭವರ, ಅಂದರೆ ಗುರು ರಿಂಪೋಚೆಯವರ, ವಿಗ್ರಹವಿದೆ. ಎಂಟನೆಯ ಶತಮಾನದಲ್ಲಿ ಟಿಬೆಟ್ಟಿನಲ್ಲಿ ಬೌದ್ಧಧರ್ಮವನ್ನು ನೆಲೆಗೊಳಿಸಿದರೆಂದು ಪೂಜಿತರಾದ ಈ ಗುರುಗಳನ್ನು ಸಣ್ಣ ಮೀಸೆಯೊಡನೆ ಚಿತ್ರಿಸುವುದು ವಾಡಿಕೆ. ಮಾವನು ಆಗಲೇ ಇದು ಬುದ್ಧನೆಂದು ಸಾರಿಬಿಟ್ಟಿರುವುದರಿಂದ, ಮಕ್ಕಳು ಮೀಸೆಯ ಬಗ್ಗೆ ಕೇಳಿದಾಗ, ಅದು ಸಂನ್ಯಾಸಕ್ಕೆ ಮುಂಚಿನ ವಿಗ್ರಹವೆಂದು ವಿವರಿಸಬೇಕಾಗುತ್ತದೆ. ಅಷ್ಟರಲ್ಲಿ ಆ ದಾರಿಯಾಗಿ ಬಂದ ತರುಣ ಭಿಕ್ಷುವನ್ನು ತಡೆದು, ಪರದೇಶಿಯರೊಡನೆ ಮಾತಾಡುವ ಕ್ರಮದಲ್ಲಿ, ಒಂದೊಂದೇ ಪದವನ್ನು ಬಿಡಿಸಿ, ಜೋರಾಗಿ, ಕೈಸನ್ನೆಯ ಸಮೇತ "ಇದು... ಬುದ್ಧ... ಅಲ್ವಾ?" ಎಂದು ಕೇಳುತ್ತಾನೆ. ಒಡೆಯರಪಾಳ್ಯದಲ್ಲೇ ಹುಟ್ಟಿ ಬೆಳೆದ ಭಿಕ್ಷು ಅಪ್ಪಟ ಕೊಳ್ಳೇಗಾಲದ ಕನ್ನಡದಲ್ಲಿ "ಬುದ್ಧ ಅಲ್ಲ ಕನಣ್ಣ, ಗುರು ರಿಂಪೋಚೆ. ಚಕ್ರನೂ ಅತ್ತಿಂದ ಇತ್ತ ತಿರುಗಿಸ್ಬೇಕು" ಎನ್ನುತ್ತಾನೆ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಅರ್ಥವಾಗದ ಆ ಕನ್ನಡವನ್ನು ಮಾವನು ಅವರಿಗೆ ಬಿಡಿಸಿ ಹೇಳುತ್ತಾನೆ, ಚಕ್ರದ ಭಾಗವನ್ನು ಮಾತ್ರ ಬಿಟ್ಟು.

ನೆಂಟರನ್ನು ಬೀಳ್ಕೊಡುವುದೆಂದರೆ ಮಾವನಿಗೆ ಆಗದು. 27 ತಿರುವುಗಳ ದಿಂಬಂ ಘಟ್ಟದ ರಸ್ತೆಯಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಈ ಆದೇಶವನ್ನು ಮಾವನಷ್ಟು ವಿಶಾಲವಾಗಿ ವ್ಯಾಖ್ಯಾನಿಸಿದವರು ವಕೀಲರಲ್ಲೂ ಇಲ್ಲ: ಘಟ್ಟದ ಕಡೆ ತಲೆಯನ್ನೂ ಹಾಕದೆ ನೇರವಾಗಿ ಚಾಮರಾಜನಗರಕ್ಕೆ ಹೋಗುವ ಅಳಿಯನಿಗೂ, ಸಂಜೆ ಐದಕ್ಕೇ, "ಹೈಕೋರ್ಟು ಬಿಡದುಲ್ಲ ಕನ ಅಳಿಮಯ್ಯ, ಉಂಡು ಮನಿಕೊಂಡು ಬೆಳಿಗ್ಗ ಹೋಗು" ಎಂದು ಕಾನೂನು ಹೇಳಿ, ಕೋಳಿ ಕೊಯ್ಯಲು ಅಪ್ಪಣೆ ಕೊಟ್ಟಾಗಿರುತ್ತದೆ.

ಇಂಥ ಮಾವನೂ ಮದುವೆಗೋ ನಾಮಕರಣಕ್ಕೋ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಅಲ್ಲಿ ಅವನು ನೋಡುಗನಾಗಿ ಸುಮ್ಮನಿದ್ದಾನೆಂದು ಎಣಿಸುವವರಿಗೆ ಈ ಮಾದರಿಯ ಪರಿಚಯವೇ ಇಲ್ಲ. ಬೆಳಗಿನ ಜಾವ ಹಾಲು ತರುವ ನೆಪದಲ್ಲಿ ಹೊರಗೆ ಹೋದವನು ಎರಡು ಗಂಟೆ ಬಿಟ್ಟು ಬಂದು, ಆ ಬಡಾವಣೆಯಲ್ಲಿ ಹತ್ತು ವರ್ಷದಿಂದ ಸಾಲದ ಕಂತು ಕಟ್ಟುತ್ತಿರುವ ಅಳಿಯನನ್ನು ಎಬ್ಬಿಸಿ, "ಹಿಂದಗಡ ಬೀದಿಲಿ ಹಳೇ ಕಲ್ಯಾಣಿ ಇದ, ನೋಡಿದ್ದಯ? ಏಳು, ತೋರ್ಸ್ತೀನಿ" ಎನ್ನುತ್ತಾನೆ. ಅಳಿಯ ಅದನ್ನು ನೋಡಿರುವುದಿಲ್ಲ.