ಹದಿನಾರು ಸಾವಿರದ ಬೆಂಡೆಕಾಯಿ

ಜಪಾನಿನ ಚಾಕುವಿನ ಬೆಲೆಯನ್ನು ಮನೆಯಲ್ಲಿ ಹೇಳುವಾಗ ಯೆನ್ ಲೆಕ್ಕದಲ್ಲೇ ಹೇಳಬೇಕು. "28,000" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಎದುರಿಗಿದ್ದವರ ಮುಖ ಬಿಳಿಚಿಕೊಂಡ ಮೇಲೆ, "ರೂಪಾಯಿ ಅಲ್ಲ ಮಾರಾಯ್ತಿ, ಯೆನ್ನು! ನಮ್ಮ ದುಡ್ಡಲ್ಲಿ ಬರೀ 16,000" ಅನ್ನಬೇಕು. ಕೇಳಿದವರಿಗೆ 12,000 ಉಳಿಯಿತಲ್ಲ ಎಂಬ ನೆಮ್ಮದಿ. ಉಳಿದ ದುಡ್ಡಿನಲ್ಲಿ ಒಂದು ಸಾಣೆಕಲ್ಲೂ ಬರುತ್ತದೆ.

ಈ ಉಪಾಯ ಒಂದೇ ಸಲ ನಡೆಯುತ್ತದೆ. ಮುಂದಿನ ಸಲ ನನ್ನ ಹೆಂಡತಿ ಟೀವಿಯಿಂದ ಕಣ್ಣು ತೆಗೆಯದೆ, "ಕಸ್ಟಮ್ಸ್ ಸುಂಕ ಸೇರಿಸಿ ಹೇಳ್ತಿದೀರೋ, ಬಿಟ್ಟು ಹೇಳ್ತಿದೀರೋ?" ಎಂದು ಕೇಳಿದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ.

ಚಾಕು ಕೂಡಿಡುವವನ ಕಷ್ಟ ಬೇರೆ ಹವ್ಯಾಸದವರಿಗಿಲ್ಲ. ಅಂಚೆಚೀಟಿ ಕೂಡಿಡುವವನನ್ನು ಹಿಡಿದು "ಇದನ್ನೆಲ್ಲ ಯಾವ ಕಾಗದಕ್ಕೆ ಅಂಟಿಸ್ತೀರಿ?" ಎಂದು ಯಾರಾದರೂ ಕೇಳಿದ್ದಾರೆಯೇ? ಹಳೆಯ ನಾಣ್ಯದವನು ಅದನ್ನು ಕೊಟ್ಟು ಕೊತ್ತಂಬರಿ ಸೊಪ್ಪು ತರಬೇಕೆಂದು ಯಾರೂ ಬಯಸುವುದಿಲ್ಲ. ನನ್ನ ಪೆಟ್ಟಿಗೆ ತೆರೆದರೆ ಮಾತ್ರ, ಬಂದ ನೆಂಟರು ಕಾಫಿ ಲೋಟ ಕೆಳಗಿಟ್ಟು ಕೇಳುತ್ತಾರೆ: "ಮೂವತ್ತು ರೂಪಾಯಿ ಚಾಕು ಹೆಚ್ಚದೇ ಇರೋದನ್ನ ಇದೇನು ಹೆಚ್ಚುತ್ತೆ?" ನಿಜ ಹೇಳಬೇಕೆಂದರೆ ಅದೇ ಬೆಂಡೆಕಾಯಿಯನ್ನೇ ಹೆಚ್ಚುತ್ತದೆ. ಆದರೆ ನಿಜ ಹೇಳಲು ಯಾರೂ 16,000 ಕೊಡುವುದಿಲ್ಲ. ಆದ್ದರಿಂದ ನಾನು ಸಕಾಯ್ ಊರಿನಿಂದ ಶುರು ಮಾಡುತ್ತೇನೆ.

ಒಸಾಕದ ಪಕ್ಕದ ಸಕಾಯ್‌ನಲ್ಲಿ ಒಂದು ಚಾಕುವನ್ನು ಒಬ್ಬನೇ ಮಾಡುವುದಿಲ್ಲ. ಬಡಿಯುವವನು ಬೇರೆ, ಸಾಣೆ ಹಿಡಿಯುವವನು ಬೇರೆ, ಹಿಡಿ ಕೂಡಿಸುವವನು ಇನ್ನೊಬ್ಬ. 1876ರಲ್ಲಿ ಜಪಾನ್ ಸರ್ಕಾರ ಸಮುರಾಯಿಗಳು ಸೊಂಟಕ್ಕೆ ಕತ್ತಿ ಸಿಕ್ಕಿಸಿ ತಿರುಗುವುದನ್ನು ನಿಷೇಧಿಸಿದಾಗ ಎಷ್ಟೋ ಕತ್ತಿ ಕಮ್ಮಾರರು ಅಡುಗೆಮನೆಗೆ ತಿರುಗಿದರು. ಜರ್ಮನಿಯ ಜೋಲಿಂಗೆನ್ ಚಾಕುವಿನ ಗಡಸುತನ ರಾಕ್‌ವೆಲ್ ಮಾಪಕದಲ್ಲಿ 56, 58ರ ಆಸುಪಾಸು. ಜಪಾನಿನದು ಅನಾಯಾಸವಾಗಿ 60 ದಾಟುತ್ತದೆ. ಇಷ್ಟು ಹೇಳುವಷ್ಟರಲ್ಲಿ ನೆಂಟರ ಕಾಫಿ ಆರಿರುತ್ತದೆ, ಪ್ರಶ್ನೆಯೂ ಆರಿರುತ್ತದೆ.

ಆರದವರು ಒಬ್ಬರೇ, ನನ್ನಮ್ಮ. ನಾಕಿರಿ ಎಂಬ ತರಕಾರಿ ಚಾಕು ಮನೆಗೆ ಬಂದ ದಿನ ಅದನ್ನು ಬೆಳಕಿಗೆ ಹಿಡಿದು ನೋಡಿ, "ಏನೋ ಇದು, ಮಸಿ ಮಸಿ ಇದೆ. ಅರ್ಧಕ್ಕೇ ಬಿಟ್ಟು ಕಳಿಸಿದಾರೆ" ಅಂದರು. ಅದು ಅರ್ಧಕ್ಕೆ ಬಿಟ್ಟದ್ದಲ್ಲ, ಕುರೋಉಚಿ. ಕುಲುಮೆಯಲ್ಲಿ ಕೂತ ಕಪ್ಪನ್ನು ಉಜ್ಜದೆ ಬೇಕೆಂದೇ ಉಳಿಸಿರುತ್ತಾರೆ, ಸಂಗ್ರಹಕಾರರಿಗೆ ಅದೇ ಚೆಂದ ಎಂದು ವಿವರಿಸಿದೆ. ಅಮ್ಮ ಎದ್ದು ಹೋಗಿ ಅಟ್ಟದಿಂದ ಅಜ್ಜಿಯ ಈಳಿಗೆಮಣೆ ಇಳಿಸಿಕೊಂಡು ಬಂದರು. ಊರಿನ ಕಮ್ಮಾರ ಮಾಡಿಕೊಟ್ಟದ್ದು. ಅದೇ ಕಪ್ಪು, ಅದೇ ಕಾರ್ಬನ್ ಉಕ್ಕು, ಬಾಯಿಯ ಅಂಚಿನಲ್ಲಿ ಅದೇ ಬೆಳ್ಳಿಗೆರೆ. "ಇದಕ್ಕೆ ಅಜ್ಜ ಎರಡು ಕೊಳಗ ಭತ್ತ ಕೊಟ್ಟಿದ್ರು" ಎಂದರು. ಈಳಿಗೆಮಣೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಓಡಾಡುತ್ತದೆ, ಹೆಚ್ಚುವವರ ಎರಡು ಕೈಯೂ ಬಿಡುವಾಗಿರುತ್ತವೆ; ಸಕಾಯ್‌ನವರಿಗೆ ಈ ಬುದ್ಧಿ ಏಕೆ ಹೊಳೆಯಲಿಲ್ಲವೋ ತಿಳಿಯದು. ನಾನಂತೂ ಕೇಳಲು ಹೋಗಿಲ್ಲ.

ಅಲ್ಲಿಂದ ನಾನು ದೇಶಾಭಿಮಾನಕ್ಕೆ ಜಾರಿದೆ. ಡಮಾಸ್ಕಸ್ ಕತ್ತಿಗಳಿಗೆ ಹೋದ ಉಕ್ಕು ನಮ್ಮ ದಕ್ಷಿಣದ್ದು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಕಮ್ಮಾರನ ಮಗನೇ ಆಗಿದ್ದ ಮೈಕೆಲ್ ಫ್ಯಾರಡೆ, ವಿದ್ಯುತ್ತಿನಲ್ಲಿ ಹೆಸರು ಮಾಡುವ ಮುಂಚೆ ಲಂಡನ್ನಿನ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಲು ಒದ್ದಾಡಿದ್ದ. ಅಂಥ ನಾಡಿನವನು ನಾನು, ಒಳ್ಳೆಯ ಉಕ್ಕನ್ನು ಮನೆಗೆ ವಾಪಸು ತರುವುದು ತಪ್ಪೇ? ಅದರಲ್ಲೂ ಇದು ಹೂಡಿಕೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಖಡ್ಗವೊಂದು 1.4 ಕೋಟಿ ಪೌಂಡಿಗೆ ಹೋಯಿತು, 140 ಕೋಟಿ ರೂಪಾಯಿಗೂ ಮೇಲೆ!

"ಅದಕ್ಕೂ ಮುಂಚೆ ಟಿಪ್ಪುವಿನ ಇನ್ನೊಂದು ಕತ್ತಿಯನ್ನ ಹರಾಜಲ್ಲಿ ಕೊಂಡ ನಮ್ಮೂರಿನ ದೊಡ್ಡ ಮನುಷ್ಯರೊಬ್ಬರಿದ್ದರಲ್ಲ, ಅವರೀಗ ಎಲ್ಲಿದಾರೆ?" ಎಂದಳು ಹೆಂಡತಿ. ಬ್ಯಾಂಕಿನವರ ಮುಂದೆ ಆ ಉದಾಹರಣೆ ತೆಗೆಯಬಾರದಿತ್ತು.

ಶಾಸ್ತ್ರವೂ ನನ್ನ ಪರವಾಗಿಯೇ ಇದೆ ಎಂದು ತೋರಿಸಿದ್ದೇನೆ. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ. ನೆಲಕ್ಕಿಡಬೇಕು, ಅವರು ಎತ್ತಿಕೊಳ್ಳಬೇಕು. ಯುರೋಪಿನವರೂ ಚಾಕು ಉಡುಗೊರೆ ಕೊಟ್ಟರೆ ಸ್ನೇಹ ಕಡಿಯುತ್ತದೆಂದು ಹೆದರಿ ಬದಲಿಗೆ ಒಂದು ಕಾಸು ಇಸಿದುಕೊಳ್ಳುತ್ತಾರೆ. ಹಾಗಾಗಿ ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ಯಾರಾದರೂ ತಂದುಕೊಟ್ಟಾರು ಎಂದು ಕಾಯುವ ಭಾಗ್ಯ ನಮ್ಮಂಥವರಿಗಿಲ್ಲ. ಸ್ವಂತ ದುಡ್ಡೇ ಗತಿ.

ಇವೆಲ್ಲ ಸೋತ ಮೇಲೆ ಭಾಗಾಕಾರಕ್ಕೆ ಕೈಹಾಕಿದೆ. 16,000ದ ಚಾಕು ಮೂವತ್ತು ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಒಂದೂವರೆ ರೂಪಾಯಿಯೂ ಬೀಳುವುದಿಲ್ಲ! ಪಕ್ಕದ ರಸ್ತೆಯ ಗಾಡಿಯಲ್ಲಿ ಅರ್ಧ ಟೀ ಕೂಡ ಬಾರದ ದುಡ್ಡು. ಹೆಂಡತಿ ಮೊದಲ ಬಾರಿಗೆ ತಲೆದೂಗಿದಳು. ಫೋನಿನಲ್ಲಿ ತಾನೂ ಲೆಕ್ಕ ಹಾಕಿ, "ಸರಿಯಾಗಿದೆ ರೀ. ಆದರೆ ಇದು ದಿನಾ ಬಳಸಿದರೆ ತಾನೆ? ಬಳಸದ ದಿನದ ಒಂದೂವರೆ ರೂಪಾಯಿ ನಷ್ಟದ ಬಾಬ್ತು" ಎಂದಳು. ಅವಳು ಬಳಸಲಿ ಎನ್ನುವ ಹಾಗಿಲ್ಲ. ಅಡಿಕೆಯನ್ನೋ ತೆಂಗಿನಕಾಯಿಯನ್ನೋ ಕಂಡರೆ ಈ ಗಡಸು ಅಲಗಿನ ಬಾಯಿ ಹಕ್ಕಳಿಕೆ ಏಳುತ್ತದೆ. ಪಾತ್ರೆ ತೊಳೆಯುವ ಬೇಸಿನ್ನಿನಲ್ಲಿ ಬಿಟ್ಟರೆ ತುಕ್ಕು. ಮಾವಿನಕಾಯಿ, ಬಾಳೆದಿಂಡು ತಾಗಿದರೆ ಕರೆ. ಬೇರೆಯವರು ಮುಟ್ಟಕೂಡದೆಂದು ನಾನೇ ಅಡುಗೆಮನೆಯಲ್ಲಿ ನಿಂತು ಭಾಷಣ ಮಾಡಿದ್ದೆನಲ್ಲ.

ಹೀಗೆ, ನಮ್ಮ ಮನೆಯಲ್ಲಿ ಬೆಳಗಿನ ತರಕಾರಿ ಈಗ ನನ್ನ ಪಾಲಿಗೆ ಬಂದಿದೆ. ಆರೂವರೆಗೆ ಹುರುಳಿಕಾಯಿ ನಾರು ಬಿಡಿಸಿ ಕೂತಿರುತ್ತೇನೆ. ಒಂದೊಂದು ಹೋಳಿನ ನಡುವೆಯೂ ಅಲಗನ್ನು ಬಟ್ಟೆಯಿಂದ ಒರೆಸುತ್ತೇನೆ, ಅಮ್ಮ "ನೆಗಡಿಯಾದ ಕೂಸಿನ ಮೂಗು ಒರೆಸಿದ ಹಾಗೆ ಒರೆಸ್ತೀಯಲ್ಲೋ" ಅನ್ನುತ್ತಾರೆ. ಭಾನುವಾರ 1000 ನಂಬರಿನ ಕಲ್ಲು, 6000 ನಂಬರಿನ ಕಲ್ಲು ನೀರಲ್ಲಿ ನೆನೆಹಾಕುತ್ತೇನೆ. ಮಿಕ್ಸಿ ಬಂದ ಮೇಲೆ ಒರಳು ಹೊರಗೆ ಹೋಗಿದ್ದ ಮನೆಗೆ ಮತ್ತೆ ಕಲ್ಲು ಬಂತಲ್ಲ ಎಂದು ಅಮ್ಮನಿಗೆ ಸಂತೋಷವೋ ಸಂಕಟವೋ ಗೊತ್ತಾಗುತ್ತಿಲ್ಲ. ಹೆಂಡತಿಯ ಗೆಳತಿಯರು ಫೋನಿನಲ್ಲಿ ತರಕಾರಿ ಹೆಚ್ಚಲು ಯಾರಾದರೂ ಸಿಗುತ್ತಾರಾ ಎಂದು ಕೇಳಿದರೆ, "16,000ಕ್ಕೆ ಒಬ್ಬರು ಸಿಕ್ಕಿದಾರೆ, ಮೂವತ್ತು ವರ್ಷಕ್ಕೆ" ಎನ್ನುವುದು ನನ್ನ ಕಿವಿಗೂ ಬಿದ್ದಿದೆ.

ಇಷ್ಟಾದರೂ ಇತ್ತೀಚೆಗೆ ದೆಬ ಎಂಬ ಇನ್ನೊಂದು ಚಾಕು ಕಣ್ಣಿಗೆ ಬಿದ್ದಿದೆ. ದಪ್ಪ ಬೆನ್ನು, ಕೈಗೆ ಭಾರ, ಎಮ್ಮೆಕೊಂಬಿನ ಕಟ್ಟು ಹಾಕಿದ ಮರದ ಹಿಡಿ. ಒಂದೇ ಕಡೆ ಸಾಣೆ ಹಿಡಿದ ಅಲಗು. ನಾನು ಎಡಚನಾದ್ದರಿಂದ ನನಗೆ ಬೇರೆಯೇ ಮಾಡಿಸಬೇಕು, ಅದಕ್ಕೆ ಬೆಲೆ ಇನ್ನೂ ಹೆಚ್ಚು. ತೊಡಕೆಂದರೆ ದೆಬ ಇರುವುದು ಮೀನಿನ ತಲೆ ಕಡಿಯಲು. ನಾವು ಈರುಳ್ಳಿಯನ್ನೇ ಏಕಾದಶಿ ನೋಡಿ ತಿನ್ನುವವರು. ಕೆಲವು ದಿನ ಕಾರಣ ಹೊಳೆಯದೆ ಊಟ ರುಚಿಸಲಿಲ್ಲ. ಆಮೇಲೆ ಹೊಳೆಯಿತು: ಕುಂಬಳಕಾಯಿ! ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು, ಗಂಡಸು ಮೊದಲ ಏಟು ಹಾಕಿಕೊಡಬೇಕು ಎಂಬುದು ಅಮ್ಮನೇ ಪಾಲಿಸಿಕೊಂಡು ಬಂದ ಪದ್ಧತಿ. ಗಂಡಸು ಒಡೆಯಲೇಬೇಕೆಂದ ಮೇಲೆ ಗಂಡಸಿಗೊಂದು ಆಯುಧ ಬೇಡವೇ?

ಅಮ್ಮ ಒಪ್ಪಿದರು. ಹೆಂಡತಿ ಮಾತ್ರ, "ಇಲ್ಲಿ ಯಾರು ಇಡೀ ಕುಂಬಳಕಾಯಿ ತರ್ತಾರೆ? ಅಂಗಡಿಯವನೇ ಹೋಳು ಮಾಡಿ ಕೊಡ್ತಾನೆ, ನಮಗೆ ಅರ್ಧ ಕೆಜಿ ಸಾಕು" ಎಂದಳು. ಆದ್ದರಿಂದ ಒಂದು ಇಡೀ ಕುಂಬಳಕಾಯಿ ಖರ್ಚಾಗುವಷ್ಟು ಜನರನ್ನು ತಿಂಗಳಿಗೊಮ್ಮೆ ಊಟಕ್ಕೆ ಕರೆಯುವ ಯೋಚನೆಯಲ್ಲಿದ್ದೇನೆ. ಊಟದ ಖರ್ಚನ್ನು ಚಾಕುವಿನ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ, ಅದು ಅತಿಥಿ ಸತ್ಕಾರ. ಬರುವವರಿಗೆ ಕೂಟು, ಪಲ್ಯ, ಮಜ್ಜಿಗೆಹುಳಿ ಎಲ್ಲವೂ ಕುಂಬಳಕಾಯಿಯದ್ದೇ ಇರುತ್ತದೆ. ಸಕಾಯ್ ಊರಿನ ವಿಷಯವನ್ನು ಮಾತ್ರ ಊಟ ಮುಗಿಯುವವರೆಗೆ ಕೇಳಬೇಕಾಗುತ್ತದೆ.