ವೀಕ್ಷಕರ ಕೈಪಿಡಿ: ಎಣಿಸುವುದು ಹೇಗೆ, ಹೇಳದಿರುವುದು ಹೇಗೆ

ದೆಹಲಿಯಿಂದ ಬಂದಿಳಿದ ಮಾನ್ಯ ವೀಕ್ಷಕರೇ,

ಶಾಸಕಾಂಗ ಪಕ್ಷದ ನಾಯಕನನ್ನು ಆರಿಸುವ ಈ ಸಲಕರಣೆಗೆ ಕೈಹಚ್ಚುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದಿದ ಮೇಲೆ ಯಾರ ಕೈಗೂ ಕೊಡಬೇಡಿ. ನೀವು ಯಾವ ಪಕ್ಷದವರಾದರೂ ಅಡ್ಡಿಯಿಲ್ಲ, ಬಿಡಿಭಾಗಗಳು ಎಲ್ಲರಿಗೂ ಒಂದೇ.

ಪೆಟ್ಟಿಗೆಯೊಳಗೆ ಏನೇನಿದೆ

ಬೆಂಗಳೂರಿನ ದೊಡ್ಡ ಹೋಟೆಲ್ಲಿನ ಒಂದು ಸಭಾಂಗಣ. ಶಾಸಕರಿರುವಷ್ಟು ಚೀಟಿ. ಮೊದಲೇ ಬೆರಳಚ್ಚು ಮಾಡಿಟ್ಟ ಒಂದು ಸಾಲಿನ ನಿರ್ಣಯ. ಒಂದು ಲಕೋಟೆ, ಅದಕ್ಕೆ ಅಂಟು. ದೆಹಲಿಗೆ ವಾಪಸು ವಿಮಾನದ ಟಿಕೆಟು. ಕರಿಹಲಗೆ ಮತ್ತು ಸುಣ್ಣದ ಕಡ್ಡಿಯನ್ನು ಕಂಪನಿ ಬೇಕೆಂದೇ ಕೊಟ್ಟಿಲ್ಲ, ದೂರು ಸಲ್ಲಿಸಬೇಡಿ.

ಎಚ್ಚರಿಕೆ: ಎಣಿಕೆ ಕಲಿಯಲು ಬಾದಾಮಿಗೆ ಹೋಗಬೇಡಿ

ಅಲ್ಲಿನ ಪದ್ಧತಿ ನಿಮ್ಮನ್ನು ಕೆಡಿಸೀತು. ಮತದಾನ ಮುಗಿದ ಕೂಡಲೇ ಮತಗಟ್ಟೆಯ ಅಧಿಕಾರಿ ‘17ಸಿ’ ಎಂಬ ನಮೂನೆಯಲ್ಲಿ ಎಷ್ಟು ಮತ ಬಿದ್ದವು ಎಂದು ಬರೆದು, ಸಹಿ ಮಾಡಿ, ಪ್ರತಿಯನ್ನು ಏಜೆಂಟರ ಕೈಗೆ ಕೊಡುತ್ತಾನೆ. ಎಣಿಕೆಯ ದಿನ ಪ್ರತಿ ಸುತ್ತಿನ ಅಂಕಿಯನ್ನೂ ಹೊರಗೆ ಕೂಗಿ ಹೇಳುತ್ತಾರೆ. 2018ರ ಮೇ 15ರಂದು ಅಲ್ಲಿ ಸಿದ್ದರಾಮಯ್ಯನವರು ಬಿ. ಶ್ರೀರಾಮುಲು ಅವರನ್ನು ಸೋಲಿಸಿದ್ದು 1,696 ಮತಗಳಿಂದ. ಈ ಅಂಕಿ ಬನಶಂಕರಿ ಜಾತ್ರೆಯಲ್ಲಿ ಬಳೆ ಮಾರುವವರಿಗೂ ಗೊತ್ತು.

ಅದೇ ಸಿದ್ದರಾಮಯ್ಯನವರನ್ನು ಅವರ ಪಕ್ಷದ ಶಾಸಕರು ಮುಖ್ಯಮಂತ್ರಿ ಕುರ್ಚಿಗೆಂದು ಎರಡು ಸಲ ನಾಯಕನನ್ನಾಗಿ ಆರಿಸಿದರು, 2013ರಲ್ಲಿ ಮತ್ತು 2023ರಲ್ಲಿ. ಆಗ ಬಿದ್ದ ಮತ ಎಷ್ಟು? ಬಾದಾಮಿ ಬಸ್‌ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಯಾರಾದರೂ ‘ಯಾರಿಗ್ ಎಷ್ಟ್ ಬಿದ್ದಾವ್ರೀ?’ ಎಂದು ಕೇಳಿದರೆ ಚಾ ಆರುತ್ತದೆ, ಉತ್ತರ ಬರುವುದಿಲ್ಲ. ಲಕ್ಷಾಂತರ ಜನರ ಮತವನ್ನು ಒಂದೊಂದಾಗಿ ಲೆಕ್ಕ ಒಪ್ಪಿಸಬಲ್ಲ ರಾಜ್ಯದಲ್ಲಿ 2023ರ ನೂರಾಮೂವತ್ತೈದು ಶಾಸಕರ ಲೆಕ್ಕ ಸಿಗದಂತೆ ನೋಡಿಕೊಳ್ಳುವುದು ಸುಲಭದ ಕೆಲಸವಲ್ಲ. ಅದಕ್ಕೇ ಈ ಕೈಪಿಡಿ.

ಬಳಸುವ ವಿಧಾನ

ಮೊದಲು ನಿರ್ಣಯ, ಆಮೇಲೆ ಮತ. ಈ ಅನುಕ್ರಮ ತಪ್ಪಕೂಡದು. ಮತ ಮೊದಲು ಬಂದರೆ ಅದಕ್ಕೆ ಬೆಲೆ ಬಂದುಬಿಡುತ್ತದೆ. 2023ರ ಮೇ 14ರ ಸಂಜೆಯನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಸುಶೀಲ್‌ಕುಮಾರ್ ಶಿಂದೆ, ಜಿತೇಂದ್ರ ಸಿಂಗ್, ದೀಪಕ್ ಬಾಬರಿಯಾ ವೀಕ್ಷಕರು. ನಾಯಕನ ಆಯ್ಕೆಯನ್ನು ಎಐಸಿಸಿ ಅಧ್ಯಕ್ಷರಿಗೆ ಬಿಟ್ಟಿದ್ದೇವೆ ಎಂಬ ಒಂದು ಸಾಲಿನ ನಿರ್ಣಯ ಆಯಿತು. ಆಯ್ಕೆಯ ಅಧಿಕಾರವನ್ನು ಹೀಗೆ ಕೈಯಾರೆ ಕೊಟ್ಟ ಮೇಲೆ ಶಾಸಕರನ್ನು ಒಬ್ಬೊಬ್ಬರನ್ನಾಗಿ ಕರೆದು ‘ನಿಮ್ಮ ಆಯ್ಕೆ ಯಾರು?’ ಎಂದು ಕೇಳಲಾಯಿತು. ಗುಪ್ತವಾಗಿ ಚೀಟಿ ಬರೆಸಿದರೆಂದೂ ಪತ್ರಿಕೆಗಳು ಬರೆದವು. ಲಕೋಟೆ ದೆಹಲಿಗೆ ಹೋಯಿತು. 18ರಂದು ಹೆಸರು ಬಂತು. ಅಂಕಿ ಬರಲಿಲ್ಲ.

ಗುಪ್ತ ಮತದಾನವೆಂದರೆ ಯಾರು ಯಾರಿಗೆ ಹಾಕಿದರು ಎಂಬುದಷ್ಟೇ ಗುಟ್ಟು ಎಂದು ಕೆಲವರು ತಿಳಿದಿದ್ದಾರೆ. ನಮ್ಮ ಸುಧಾರಿತ ಮಾದರಿಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬುದೂ ಗುಟ್ಟು. ಇದೇ ಶಾಸಕರು ರಾಜ್ಯಸಭೆಗೆ ಮತ ಹಾಕುವಾಗ ಮಾತ್ರ 2003ರ ತಿದ್ದುಪಡಿಯ ಪ್ರಕಾರ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಲೇಬೇಕು. ಶಾಸಕ ಪಕ್ಷಕ್ಕೆ ತೋರಿಸಬೇಕು, ಪಕ್ಷ ಶಾಸಕನಿಗೆ ತೋರಿಸಬೇಕಿಲ್ಲ. ಕನ್ನಡಿ ಒಂದೇ ಬದಿಗೆ ಎಂಬುದನ್ನು ನೆನಪಿಡಿ.

ಇಳಕಲ್ಲಿನ ನೇಕಾರರು ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಎಳೆಯ ಲೆಕ್ಕ ತಪ್ಪಿದರೂ ಮಗ್ಗದ ಮೇಲೆ ಎದ್ದು ಕಾಣುತ್ತದೆ. ಮತಕ್ಕೂ ನಿರ್ಣಯಕ್ಕೂ ನಡುವೆ ಅಂಥ ಕೊಂಡಿ ಹಾಕುವ ಸಾಹಸ ಬೇಡ.

ಹಳೆಯ ಮಾದರಿಗಳು

ಬಾಗಲಕೋಟೆ ಜಿಲ್ಲೆಯಲ್ಲಿ ನಮ್ಮ ಹಳೆಯ ಗಿರಾಕಿಗಳು ಬಹಳ. 1958ರಲ್ಲಿ ನಿಜಲಿಂಗಪ್ಪನವರು ಇಳಿದಾಗ ಪಕ್ಷದೊಳಗಿನ ವಿರೋಧದ ನಡುವೆಯೇ ನಾಯಕರಾದವರು ಜಮಖಂಡಿಯ ಬಿ.ಡಿ. ಜತ್ತಿ. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಆಗ ಹುನಗುಂದದ ಶಾಸಕ ಎಸ್.ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕರು ತಮ್ಮ ಸ್ಥಾನ ತೆರವು ಮಾಡಿದರು, ನಿಜಲಿಂಗಪ್ಪನವರು ಅಲ್ಲಿಂದ ಗೆದ್ದು ಬಂದರು. ಜೂನ್‌ನಲ್ಲಿ ಕಂಠಿಯವರು ಕುರ್ಚಿ ಬಿಟ್ಟು ಎದ್ದರು. ಭರತನಿಗೆ ಹೋಲಿಸಿ ಜನ ಇಂದಿಗೂ ಅವರನ್ನು ಹೊಗಳುತ್ತಾರೆ. ಹೊಗಳಿಕೆ ಸರಿಯೇ. ಆದರೆ ಭರತನ ಕಥೆಯಲ್ಲೂ ಅಯೋಧ್ಯೆಯವರ ಕೈಗೆ ಯಾರೂ ಚೀಟಿ ಕೊಡಲಿಲ್ಲ.

ಕಂಠಿಯವರು ಹುಟ್ಟಿದ ಕೆರೂರೇ ಜಗದೀಶ ಶೆಟ್ಟರ್ ಅವರ ಹುಟ್ಟೂರೂ ಹೌದು. 2011ರ ಆಗಸ್ಟ್ 3ರಂದು ಬಿಜೆಪಿ ಶಾಸಕರು ರಾಜನಾಥ ಸಿಂಗ್, ಅರುಣ್ ಜೇಟ್ಲಿ ಅವರ ಮುಂದೆ ಗುಪ್ತ ಮತದಾನ ಮಾಡಿದಾಗ ಡಿ.ವಿ. ಸದಾನಂದಗೌಡರು ಗೆದ್ದರು, ಶೆಟ್ಟರ್ ಸೋತರು. ಎಷ್ಟಕ್ಕೆ ಎಷ್ಟು ಎಂಬುದು ‘ಮೂಲಗಳ ಪ್ರಕಾರ’ವಷ್ಟೇ ತಿಳಿಯಿತು. ಮುಂದಿನ ಜುಲೈ ಹೊತ್ತಿಗೆ ಸೋತವರೇ ಮುಖ್ಯಮಂತ್ರಿ. ಸಲಕರಣೆಯ ಬಾಳಿಕೆ ಹನ್ನೊಂದು ತಿಂಗಳು.

ಇನ್ನೂ ಹಿಂದೆ ಹೋದರೆ ಹುನಗುಂದ ಸೀಮೆಯ ಐಹೊಳೆಯಲ್ಲಿ ‘ಐನೂರ್ವರು’ ಎಂಬ ವರ್ತಕ ಸಂಘವಿತ್ತು. ಸಂಖ್ಯೆಯನ್ನು ಹೆಸರಿನಲ್ಲೇ ಇಟ್ಟುಕೊಂಡು, ಅದನ್ನು ಊರೂರ ಕಲ್ಲಿನಲ್ಲಿ ಕೊರೆಸಿದರು. ಈ ಮಾದರಿಯ ತಯಾರಿಕೆ ನಿಂತುಹೋಗಿದೆ.

ಅಂಕಿ ಹೇಳಿದರೆ ಆಗುವ ಅಪಾಯ

ಇದನ್ನು ನಿಧಾನವಾಗಿ ಓದಿ. 2012ರ ಜನವರಿಯಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದವರು ಊರೂರಲ್ಲಿ ಸಭೆ ಸೇರಿ ಚೀಟಿ ಹಾಕಿದರು. ಮಿಟ್ ರಾಮ್ನಿ 8 ಮತಗಳಿಂದ ಮುಂದಿದ್ದಾರೆ ಎಂದು ಸಾರಿದರು. ಎರಡು ವಾರ ಕಳೆದ ಮೇಲೆ ರಿಕ್ ಸ್ಯಾಂಟೋರಮ್ 34 ಮತಗಳಿಂದ ಮುಂದಿದ್ದಾರೆ, ಎಂಟು ಕಡೆಯ ಲೆಕ್ಕ ಸಿಕ್ಕೇ ಇಲ್ಲ ಎಂದರು. ಎಂಥ ನಗೆಪಾಟಲು! ಅಂಕಿ ಹೇಳಿದ್ದಕ್ಕೇ ತಪ್ಪು ಸಿಕ್ಕಿಬಿತ್ತು. ಹೇಳದ ಎಣಿಕೆ ಎಂದೂ ತಪ್ಪುವುದಿಲ್ಲ.

ನಮ್ಮಲ್ಲೂ ಉಂಟು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲವಿಲ್ಲ ಎಂಬ 19 ಪತ್ರಗಳು ರಾಜ್ಯಪಾಲರ ಕೈಸೇರಿದವು. ಅಂಕಿ ಬಹಿರಂಗವಾಯಿತು. ಕೂಡಲೇ ಅವರಲ್ಲಿ ಏಳು ಮಂದಿ, ನಮ್ಮಿಂದ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡರು ಎಂದು ತಿರುಗಿ ಬಿದ್ದರು. ಸರ್ಕಾರವೇನೋ ವಜಾ ಆಯಿತು. ಆದರೆ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತವನ್ನು ಎಣಿಸಬೇಕಾದ ಜಾಗ ಸದನ, ರಾಜಭವನವಲ್ಲ ಎಂದುಬಿಟ್ಟಿತು. ಹೋಟೆಲ್ಲಿನ ಹೆಸರನ್ನು ತೀರ್ಪಿನಲ್ಲಿ ಎತ್ತಲಿಲ್ಲ. ನಾವು ಬಚಾವ್.

ತೊಂದರೆ ಮತ್ತು ಪರಿಹಾರ

‘ಅಂಕಿ ಹೇಳಿ’ ಎಂದು ಶಾಸಕನೇ ಕೇಳಿದರೆ, ಪಕ್ಷದ ಒಗ್ಗಟ್ಟಿಗೆ ಧಕ್ಕೆ ಬರುತ್ತದೆ ಎನ್ನಿ. ಈ ಉತ್ತರ ಪೂರಾ ಪೊಳ್ಳಲ್ಲ. ಮುನಿದ ಬಣದವರು ರೆಸಾರ್ಟಿಗೆ ಬಸ್ಸು ಹತ್ತುವುದನ್ನು ಈ ರಾಜ್ಯ ನೋಡಿದೆ. ಆದರೆ ಅಂಕಿ ಇಲ್ಲದ ಕಡೆ ಎರಡೂ ಬಣಗಳು ತಮ್ಮ ತಮ್ಮ ಅಂಕಿ ಹುಟ್ಟಿಸಿಕೊಳ್ಳುತ್ತವೆ, ಎರಡರಲ್ಲೂ ಗೆದ್ದವರು ತಾವೇ. 2025ರ ಕೊನೆಯಲ್ಲಿ ಕುರ್ಚಿಯ ಮೇಲಾಟದ ನಡುವೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಉಪಮುಖ್ಯಮಂತ್ರಿಯೂ ಒಬ್ಬರ ಮನೆಗೆ ಒಬ್ಬರು ಉಪಾಹಾರಕ್ಕೆ ಹೋಗಿಬಂದದ್ದು ನೆನಪಿರಬಹುದು. ಮತ ಎಣಿಸಿ ಹೇಳಿದ್ದರೆ ಇಡ್ಲಿ ಎಣಿಸುವ ಪಾಡು ಟಿವಿಯವರಿಗೆ ಬರುತ್ತಿರಲಿಲ್ಲ.

‘ಬ್ರಿಟನ್ನಿನಲ್ಲಿ ಹೇಳುತ್ತಾರಲ್ಲ?’ ಎಂದು ಪತ್ರಕರ್ತರು ಕೇಳಬಹುದು. ಹೌದು, 2022ರ ಜೂನ್‌ನಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ನಾಯಕತ್ವದ ಪರ 211, ವಿರುದ್ಧ 148 ಎಂದು ಅವರ ಪಕ್ಷದವರೇ ಅದೇ ರಾತ್ರಿ ಓದಿ ಹೇಳಿದರು. ಮುಂದಿನ ತಿಂಗಳೇ ಅವರು ರಾಜೀನಾಮೆ ಸಾರಿದರು. ಇಷ್ಟು ಹೇಳಿ ವಿಮಾನ ನಿಲ್ದಾಣಕ್ಕೆ ಹೊರಡಿ.

ವಿಲೇವಾರಿ

ಚೀಟಿಗಳನ್ನು ಇಷ್ಟು ದಿನ ಇಡಬೇಕು ಎಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ನಿಮಗೆ ತೋಚಿದಂತೆ ಮಾಡಿ. ಹೋಟೆಲ್ಲಿನ ಬಿಲ್ಲು ಮಾತ್ರ ಜೋಪಾನ. ಪಕ್ಷದ ಖರ್ಚುವೆಚ್ಚವನ್ನು ಆಡಿಟ್ ಮಾಡಿಸಿ ಪ್ರತಿವರ್ಷ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕಾಗುತ್ತದೆ.