ಯಾವ ಬೋಟಿಗೆ?

ಟೀವಿಗೆ ಮರದ ಮಂಟಪವೊಂದನ್ನು ಕಟ್ಟಿಸಬೇಕೆಂಬ ಸಂಕಲ್ಪವು ನಮ್ಮ ಮನೆಯಲ್ಲಿ ಸರ್ವಾನುಮತದಿಂದ ಅಂಗೀಕೃತವಾಗಿ, ಕಾರ್ಕಳದ ಕಡೆಯ ಆಚಾರಿಯೊಬ್ಬರು ಹಳೆಯ ಹಲಸಿನ ಹಲಗೆಗಳನ್ನು ಕೀಸಿ, ಕುಳಿ ಕೊರೆದು, ಗೂಟ ಕೂರಿಸಿ, ಒಂದು ಮೊಳೆಯನ್ನೂ ಬಳಸದೆ ಅದನ್ನು ನಮ್ಮ ಜಗಲಿಯಲ್ಲಿ ನಿಲ್ಲಿಸಿದಾಗ, ಕೆಲಸವು ಮುಗಿಯಿತೆಂದೇ ಎಲ್ಲರೂ ಭಾವಿಸಿದೆವು. ಆಚಾರಿಯವರು ಮಾತ್ರ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು, "ಇನ್ನು ಬಿಜಾಗರಿ, ತಿರುಪು, ಹಿಡಿಕೆ, ಚಿಲಕ. ಅದು ನಿಮ್ಮ ಲೆಕ್ಕ ಮಾರಾಯ್ರೆ" ಎಂದು ನುಡಿದು, ನಿಶ್ಚಿಂತರಾಗಿ ವೀಳ್ಯದೆಲೆಗೆ ಸುಣ್ಣ ಸವರತೊಡಗಿದರು.

ಮರವನ್ನು ಆರಿಸುವಾಗ ಮೌನವಾಗಿದ್ದವರೆಲ್ಲ ಲೋಹದ ವಿಷಯಕ್ಕೆ ಬರುತ್ತಲೇ ವಿಶಾರದರಾದರು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಮಿಯಾರಿನ ಮನೆಯೇ ಮೊದಲಾದ ಪುರಾತನ ಗೃಹಗಳನ್ನು ಬಿಚ್ಚಿ ತಂದು ಪುನಃ ಕಟ್ಟಿ ನಿಲ್ಲಿಸಿರುವುದನ್ನು ನೋಡಿ ಬಂದಂದಿನಿಂದ ನನ್ನ ಪತ್ನಿಗೆ ಹಿತ್ತಾಳೆಯ ಬಳೆಯಿಲ್ಲದ ಬಾಗಿಲು ಬಾಗಿಲೇ ಅಲ್ಲ. ಮಗನಿಗೆ ಬೇಕಾದದ್ದು 35 ಮಿಲಿಮೀಟರಿನ ಕುಳಿಯೊಳಗೆ ಅಡಗಿ ಕುಳಿತು, ಸದ್ದಿಲ್ಲದೆ ತಾನಾಗಿ ಮುಚ್ಚಿಕೊಳ್ಳುವ ಆಧುನಿಕ ಬಿಜಾಗರಿ. ಅಮ್ಮನದು ಮಾತ್ರ ಭದ್ರತೆಯ ಪ್ರಶ್ನೆ: 1987ರ ರಾಮಾಯಣದ ಕಾಲದಲ್ಲಿ ಭಾನುವಾರದ ಬೆಳಗ್ಗೆ ಕೇರಿಗೆ ಕೇರಿಯೇ ಬಂದು ಕುಳಿತು, ಧಾರಾವಾಹಿ ಮುಗಿದ ಮೇಲೂ ಏಳದೆ ಇದ್ದುದನ್ನು ಕಂಡವರಾದ್ದರಿಂದ, ಬೀಗವಿಲ್ಲದ ಟೀವಿಯನ್ನು ಅವರು ಇಂದಿಗೂ ನಂಬರು.

ಆದರೆ ನಮ್ಮ ಮಲ್ಪೆಯಲ್ಲಿ ಇಂಥ ವಿಷಯಗಳಲ್ಲಿ ಕೊನೆಯ ಮಾತು ಗೃಹಸ್ಥರದಲ್ಲ, ಸಮುದ್ರದ್ದು. ವರ್ಷದ ಎಂಟು ತಿಂಗಳು ಉಪ್ಪನ್ನು ಹೊತ್ತು ತರುವ ಗಾಳಿ, ಉಳಿದ ನಾಲ್ಕು ತಿಂಗಳು ಗೋಡೆಯನ್ನೂ ಬೆವರಿಸುವ ಮಳೆ. ಇವೆರಡರ ನಡುವೆ ಪೇಟೆಯ ಕಬ್ಬಿಣದ ಬಿಜಾಗರಿಯು ಮೊದಲು ಕೆಂಪಡರಿ, ಆಮೇಲೆ ನರಳಿ, ಕಡೆಗೆ ತನ್ನ ಕಡ್ಡಿಯನ್ನೇ ಕಚ್ಚಿಕೊಂಡು ಸ್ತಂಭೀಭೂತವಾಗುವುದು. ಮರದ ಒಗರೂ ಸೇರಿದರೆ ತಿರುಪಿನ ಸುತ್ತ ಮಸಿಯಂಥ ಕಲೆ ಬೇರೆ. ಹೊಸತಾಗಿ ಊರಿಗೆ ಬಂದವರು ಬಣ್ಣವನ್ನು ನೋಡಿ ಕೊಳ್ಳುತ್ತಾರೆ. ಹಳಬರು ಬಂದರಿನ ದಾರಿ ಹಿಡಿಯುತ್ತಾರೆ.

ನಾನೂ ಹಿಡಿದೆ. ಯಾಂತ್ರಿಕ ಬೋಟುಗಳು ಕಡಲಿಗಿಳಿಯಬಾರದೆಂಬ ಜೂನ್-ಜುಲೈಯ ನಿಷೇಧದ ಕಾಲವಾದ್ದರಿಂದ, ಅಲ್ಲಿ ಬೋಟಿನ ಸಾಮಾನು ಮಾರುವ ಅಂಗಡಿಯವರಿಗೆ ಪುರುಸೊತ್ತು ಧಾರಾಳವಾಗಿತ್ತು. ಹಗ್ಗದ ಸುರುಳಿ, ಬಲೆಯ ಗುಂಡು, ಗ್ರೀಸಿನ ಡಬ್ಬಗಳ ಮಧ್ಯೆ ನಿಂತು ನಾನು ಬಿಜಾಗರಿ ಕೇಳಿದಾಗ ಅವರು ತಲೆಯೆತ್ತದೆ, "ಯಾವ ಬೋಟಿಗೆ?" ಎಂದರು. ಟೀವಿ ಇಡುವ ಕಪಾಟಿಗೆಂದು ತಿಳಿದಾಗ ಅವರ ಮುಖದಲ್ಲಿ ಮೂಡಿದ ಕರುಣೆಯನ್ನು ವರ್ಣಿಸಲಾರೆ.

ಪತ್ನಿಯ ಅಪ್ಪಣೆಯಂತೆ ಬೇರೊಂದು ಕಡೆಯಿಂದ ಮಾದರಿಗೆಂದು ತಂದಿದ್ದ ಬಂಗಾರದ ಬಣ್ಣದ ಹಿಡಿಕೆಯನ್ನು ಜೇಬಿನಿಂದ ತೆಗೆದು ಅವರ ಮುಂದಿಟ್ಟೆ. ಅವರು ಮೇಜಿನ ಮೂಲೆಯಲ್ಲಿ ದಾರಕ್ಕೆ ಕಟ್ಟಿ ತೂಗಬಿಟ್ಟಿದ್ದ ಅಯಸ್ಕಾಂತವನ್ನು ಅದರ ಸಮೀಪಕ್ಕೆ ತಂದದ್ದೇ ತಡ, ಹಿತ್ತಾಳೆಯೆನಿಸಿಕೊಂಡಿದ್ದ ಆ ಹಿಡಿಕೆಯು ಕುಲಶೀಲಗಳನ್ನು ಮರೆತು ಟಕ್ಕನೆ ಹಾರಿ ಅಂಟಿಕೊಂಡಿತು. ತಾಮ್ರ-ಸತುಗಳ ನಿಜವಾದ ಸಂತಾನವಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಸ್ಟೀಲಿನಲ್ಲಿಯೂ ಪಂಕ್ತಿಭೇದವುಂಟೆಂದು ಅವರೇ ತಿಳಿಸಿದರು: 304ರದು ಅಡುಗೆಮನೆಯ ಪಾತ್ರೆಗೆ ಸಾಕು, ಉಪ್ಪುಗಾಳಿಗೆ ನೂರರಲ್ಲಿ ಎರಡು-ಮೂರು ಪಾಲು ಮಾಲಿಬ್ಡಿನಮ್ ಬೆರೆಸಿದ 316ರದೇ ಆಗಬೇಕು. ಎರಡನ್ನೂ ಅಯಸ್ಕಾಂತವು ಸಮಾನವಾಗಿ ತಿರಸ್ಕರಿಸುವುದರಿಂದ, ಅವುಗಳ ಭೇದವನ್ನು ಅರಿಯಲು ಅಂಗಡಿಯವರ ಮುಖವೊಂದೇ ಪ್ರಮಾಣ. ನಾನು ಆ ಮುಖವನ್ನು ನಂಬಿ ಚಿಲಕವನ್ನು ಕೊಂಡೆ. ಬಿಜಾಗರಿ ಮಾತ್ರ ಅಪ್ಪಟ ಹಿತ್ತಾಳೆಯದು. ಬಂದರೆ ಕಿಲುಬು ಬಂದೀತು, ಅದಕ್ಕೆ ಮನೆಯಲ್ಲಿ ಹುಣಸೆಹುಳಿ ಇದ್ದೇ ಇದೆ.

ಹಿತ್ತಾಳೆಗೆ ಹಿತ್ತಾಳೆಯದೇ ತಿರುಪು ಬೇಕು, ಕಬ್ಬಿಣದ್ದು ಜೊತೆಯಾದರೆ ಉಪ್ಪುನೀರಿನ ಪಸೆಯಲ್ಲಿ ಬೇಗನೆ ತಿಂದುಹೋಗುವುದು. ಆದರೆ ಹಿತ್ತಾಳೆಯ ತಿರುಪು ಸ್ವಭಾವತಃ ಮೆದು, ಬಲಿತ ಹಲಸು ಗಡುಸು. ಬಲಾತ್ಕರಿಸಿದರೆ ಅದರ ತಲೆಯೇ ಮುರಿದು ಕೈಗೆ ಬರುತ್ತದೆ. ಆದುದರಿಂದ ಆಚಾರಿಯವರು ಬೈರಿಗೆಯಿಂದ ತೂತು ಕೊರೆದು, ಅದೇ ಅಳತೆಯ ಉಕ್ಕಿನ ತಿರುಪೊಂದನ್ನು ಮೊದಲು ತಿರುವಿ ದಾರಿ ಮಾಡಿಸಿ, ಅದನ್ನು ಹಿಂದೆಗೆದು, ಹಿತ್ತಾಳೆಯದಕ್ಕೆ ಮೇಣ ಬಳಿದು ಮೆಲ್ಲನೆ ಕೂರಿಸಿದ ಪರಿಯನ್ನು ನೋಡಿದ ಮೇಲೆ, ಟೀವಿಯ ಯಾವ ಕಾರ್ಯಕ್ರಮವೂ ಅಷ್ಟು ರುಚಿಸದೆಂದು ನನಗನ್ನಿಸಿತು. ಕೊನೆಗೆ ಎಲ್ಲ ತಿರುಪುಗಳ ತಲೆಯ ಗೀರುಗಳನ್ನೂ ನೆಟ್ಟಗೆ ಒಂದೇ ದಿಕ್ಕಿಗೆ ನಿಲ್ಲಿಸಿದರು. ಖಾನೆಗಳಿಗೆ ಉಕ್ಕಿನ ಗುಂಡುಗಳ ಮೇಲೆ ಜಾರುವ ಚಾನೆಲನ್ನು ಮಗ ಸೂಚಿಸಿದಾಗ, ಅವರು ಉತ್ತರವನ್ನೇ ಕೊಡದೆ ಮರದ ಪಟ್ಟಿಗೆ ಮೊಂಬತ್ತಿ ಉಜ್ಜಿ ಖಾನೆಯನ್ನು ಬೆರಳಿನಿಂದ ತಳ್ಳಿ ತೋರಿಸಿದರು.

ಹಿಡಿಕೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಅಯಸ್ಕಾಂತದ ತೀರ್ಪನ್ನು ಪತ್ನಿ ಮಾನ್ಯ ಮಾಡಿಲ್ಲ. ಮಗನಿಗೆ ಹಿಡಿಕೆಯೆಂಬ ವಸ್ತುವಿನಲ್ಲಿಯೇ ವಿಶ್ವಾಸವಿಲ್ಲ. ತಾತ್ಕಾಲಿಕವಾಗಿ ಇರಲೆಂದು ಅಂಗಡಿಯವರು ಪುಕ್ಕಟೆಯಾಗಿ ಕೊಟ್ಟ ನೀಲಿ ನೈಲಾನ್ ಹಗ್ಗದ ತುಂಡೊಂದನ್ನು ಹಿಡಿಕೆಯ ತೂತಿನಲ್ಲಿ ತೂರಿಸಿ ಆಚಾರಿಯವರು ಗಂಟು ಹಾಕಿಕೊಟ್ಟಿದ್ದಾರೆ. ಅದಕ್ಕೆ ತುಕ್ಕು ಹಿಡಿಯದು, ಕಿಲುಬು ಬಾರದು, ಎಳೆದರೆ ಬಾಗಿಲು ತೆರೆಯುತ್ತದೆ. ಬಂದ ನೆಂಟರೆಲ್ಲ ಮಂಟಪವನ್ನು ಬಿಟ್ಟು ಅದನ್ನೇ ಕುರಿತು ವಿಚಾರಿಸುತ್ತಾರೆ. ಅಮ್ಮನ ಆಕ್ಷೇಪ ಒಂದೇ, ಅದಕ್ಕೆ ಬೀಗ ಹಾಕಲಾಗುವುದಿಲ್ಲ.